ಹೆಂಚಿನ ಲಾರಿ ಇನ್ನೂ ಘಾಟಿಯಲ್ಲಿದೆ

ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನಲ್ಲಿ ಯಾರೂ ಮನೆಯ ಹೆಂಚು ಇಳಿಸುವುದಿಲ್ಲ. ಹೊಸ ಹೆಂಚಿನ ಲಾರಿ ಇನ್ನೂ ಘಾಟಿಯಲ್ಲಿದೆ ಎಂದು ಗೊತ್ತಿದ್ದರಂತೂ ಏಣಿಯನ್ನೇ ಮುಟ್ಟುವುದಿಲ್ಲ. ಇಷ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಓದಿದರೆ ಮರೆತುಹೋಗುತ್ತದೋ ಏನೋ.

ನಮ್ಮ ತೋಟದ ಚೆಕ್‌ರೋಲ್, ಅಂದರೆ ಆಳುಗಳ ಲೆಕ್ಕದ ಪುಸ್ತಕ, ಮೂರು ವರ್ಷದಿಂದ ಒಂದು ಆಪ್‌ನಲ್ಲಿತ್ತು. ಆಳುಗಳ ಹಾಜರಿ, ಮುಂಗಡ, ಇಂಚು-ಸೆಂಟಿನ ಮಳೆ ಲೆಕ್ಕ ಎಲ್ಲ ಅದರೊಳಗೆ. ಸಿಗ್ನಲ್‌ಗಾಗಿ ಕಣದ ಪಕ್ಕದ ಬಂಡೆ ಹತ್ತಬೇಕಿತ್ತು, ಅಷ್ಟೇ ತಕರಾರು. ಒಂದು ಬೆಳಗ್ಗೆ ಸಂದೇಶ ಬಂತು: ‘ಶುಭ ಸುದ್ದಿ! ಈ ಆಪ್ ಶನಿವಾರ ನಿವೃತ್ತಿಯಾಗುತ್ತಿದೆ.’

ಶನಿವಾರ ನಮ್ಮಲ್ಲಿ ಕೂಲಿ ಬಟವಾಡೆ.

ಹೊಸ ಆಪ್ ಬಂತು, ಇಲ್ಲವೆನ್ನಲಾರೆ. ತೆರೆದರೆ ಕಾಫಿ ಹೂವಿನ ಚಿತ್ರ. ಹಾಜರಿ ಒತ್ತಿದರೆ ‘ಶೀಘ್ರದಲ್ಲಿ’. ಮುಂಗಡ ಒತ್ತಿದರೂ ‘ಶೀಘ್ರದಲ್ಲಿ’. ಪರದೆಯ ಬಣ್ಣ ಬದಲಿಸುವ ಗುಂಡಿ ಮಾತ್ರ ಅದ್ಭುತವಾಗಿ ಕೆಲಸ ಮಾಡುತ್ತಿತ್ತು. ಬಂಡೆ ಹತ್ತಿ ಆಪ್ ಕಂಪನಿಗೆ ಫೋನ್ ಮಾಡಿದೆ. “ಹಳೇದನ್ನೇ ಎರಡು ತಿಂಗಳು ಇಟ್ಟುಕೊಳ್ಳಬಾರದಾ?” ಅಂದೆ. “ಎರಡನ್ನೂ ನಡೆಸೋಕೆ ಖರ್ಚು ಜಾಸ್ತಿ ಸಾರ್. ಹಳೇದನ್ನ ನೋಡ್ಕೊಳ್ತಿದ್ದ ಹುಡುಗರನ್ನೇ ಹೊಸದಕ್ಕೆ ಹಾಕಿದೀವಿ,” ಅಂತ ಆ ಮಗು ನಿಜ ಹೇಳಿಬಿಟ್ಟಿತು.

ದೊಡ್ಡವರ ಮನೆಯ ಕತೆಯೂ ಬೇರೆಯಲ್ಲ. ಗೂಗಲ್ ತನ್ನ ಇನ್‌ಬಾಕ್ಸ್ ಎಂಬ ಇಮೇಲ್ ಆಪ್‌ಗೆ 2019ರ ಏಪ್ರಿಲ್‌ನಲ್ಲಿ ಬೀಗ ಹಾಕಿತು. ಎಲ್ಲರೂ ಜಿಮೇಲ್‌ಗೆ ಬನ್ನಿ ಎಂದಿತು. ಬಂದವರು ಹುಡುಕಿದರು: ಒಂದೇ ಬಗೆಯ ಪತ್ರಗಳನ್ನು ತಾನಾಗಿ ಕಟ್ಟುಕಟ್ಟಿ ಇಡುತ್ತಿದ್ದ ‘ಬಂಡಲ್’ ಸೌಲಭ್ಯ ಅಲ್ಲಿಗೆ ಬಂದೇ ಇರಲಿಲ್ಲ. ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ, 2013ರ ಜುಲೈ 1ರಂದು ಮುಚ್ಚಿದ ಗೂಗಲ್ ರೀಡರ್‌ನದು ಇನ್ನೂ ಸರಳ, ಅದರ ಜಾಗಕ್ಕೆ ಗೂಗಲ್ ಏನನ್ನೂ ತರಲೇ ಇಲ್ಲ.

ಅದಕ್ಕೆ ‘ನಿವೃತ್ತಿ’ ಅನ್ನುವ ಮಾತು ಬೇರೆ! ತಾಲ್ಲೂಕು ಕಚೇರಿಯ ಗುಮಾಸ್ತ ನಿವೃತ್ತನಾದರೂ ಬೀರುವಿನ ಕೀಲಿ, ಕಡತದ ಪಟ್ಟಿ ಎಲ್ಲ ಕೊಟ್ಟು ಚಾರ್ಜ್ ವಹಿಸಿಕೊಡುತ್ತಾನೆ. ಆಮೇಲೆ ಶಾಲು, ಹಾರ. ಇಲ್ಲಿ ಹಾರ ಮೊದಲು, ಚಾರ್ಜ್ ತೆಗೆದುಕೊಳ್ಳುವವನು ಇನ್ನೂ ಹುಟ್ಟಿಲ್ಲ.

ಶನಿವಾರ ಲೈನ್ ಮನೆಯ ಆಳುಗಳೆಲ್ಲ ಕೊಡೆ ಹಿಡಿದು ಜಗಲಿಯ ಮುಂದೆ ನಿಂತಿದ್ದರು. ನಮ್ಮ ರೈಟರು ಅಟ್ಟದಿಂದ ಹಳೇ ಚೆಕ್‌ರೋಲ್ ಪುಸ್ತಕ ಇಳಿಸಿ, ಧೂಳು ಕೊಡವಿ, ಮೇಸ್ತ್ರಿಯನ್ನು ಕೇಳಿ ಕೇಳಿ ಪೆನ್ಸಿಲ್‌ನಲ್ಲಿ ಹಾಜರಿ ತುಂಬಿದರು. ಬಟವಾಡೆ ಮುಗಿದಾಗ ಏಳು ಗಂಟೆ. ಪುಸ್ತಕ ಮುಚ್ಚುವ ಮುಂಚೆ ತಲೆಯೆತ್ತಿ ಕೇಳಿದರು:

“ಸಾರ್, ಇದನ್ನ ಯಾವಾಗ ನಿಲ್ಲಿಸ್ತಾರಂತೆ?”