ಪರಾಗದ ಪಂಚಾಂಗ

ಸೈಕಲ್ ರೇಸಿನ ಡೋಪಿಂಗ್ ಬಗ್ಗೆ ಬಾಯಿ ತೆಗೆದ್ರೆ ಸಾಕು, ಎಲ್ಲಿಂದಲೋ ಒಬ್ಬ ಪ್ರತ್ಯಕ್ಷ ಆಗಿ "ಅವ್ರ ಹತ್ರ ಚೀಟಿ ಇತ್ತು ಕಣ್ರೀ, ಎಲ್ಲಾ ರೂಲ್ಸ್ ಪ್ರಕಾರಾನೇ" ಅಂದು ಮಾಯ ಆಗ್ತಾನೆ. ಮೊನ್ನೆ ಬ್ರಿಟನ್ನಿನ ಸೈಕಲಿಸ್ಟ್ ವಿಗಿನ್ಸ್ ಹೆಸರು ಬಂದ ತಕ್ಷಣ ಮತ್ತೆ ಬಂದ. ಅದಕ್ಕೇ ಇದನ್ನ ಬರೀತಿರೋದು, ಇಲ್ದಿದ್ರೆ ಸುಮ್ನೆ ಮಲಗ್ತಿದ್ದೆ.

ಚೀಟಿ ಅಂದ್ರೆ ಟಿಯುಇ. ನಿಷೇಧ ಇರೋ ಔಷಧಿನ ನಿಜವಾದ ಕಾಯಿಲೆಗೆ ತಗೊಳ್ಳೋಕೆ ಕೊಡೋ ಪರ್ಮಿಷನ್ನು. ಬೇರೆ ದಾರಿ ಇರಬಾರದು, ತಗೊಂಡ್ಮೇಲೆ ಮಾಮೂಲಿ ಆರೋಗ್ಯಕ್ಕೆ ಬರಬೇಕು, ಅದಕ್ಕಿಂತ ಮೇಲೆ ಹೋಗಬಾರದು. ಓದೋಕೆ ಬಹಳ ಚೆನ್ನಾಗಿದೆ. ಮೂರು ವಾರ ಬೆಟ್ಟ ಹತ್ತಿ ಇಳಿಯೋ ಮನುಷ್ಯನ "ಮಾಮೂಲಿ ಆರೋಗ್ಯ" ಅಂದ್ರೆ ಯಾವುದು, ಅದನ್ನ ಯಾರು ಯಾವ ಟೇಪ್ ಹಿಡಿದು ಅಳೀತಾರೆ, ಅದನ್ನ ಮಾತ್ರ ಕೇಳಬೇಡಿ.

2016ರ ಸೆಪ್ಟೆಂಬರ್‌ನಲ್ಲಿ ಫ್ಯಾನ್ಸಿ ಬೇರ್ಸ್ ಅನ್ನೋ ಹ್ಯಾಕರ್‌ಗಳು ಡೋಪಿಂಗ್ ತಡೆಯೋ ಜಾಗತಿಕ ಸಂಸ್ಥೆ ವಾಡಾದ ಫೈಲು ಬಯಲಿಗೆ ಹಾಕದೇ ಇದ್ದಿದ್ರೆ ಬ್ರಾಡ್ಲಿ ವಿಗಿನ್ಸ್ ಮೂಗಿನ ಸಮಸ್ಯೆ ನಮಗೆಲ್ಲಿ ಗೊತ್ತಾಗ್ತಿತ್ತು. ಪಾಪ, ಪರಾಗದ ಅಲರ್ಜಿ. 2011ರ ಟೂರ್ ಡಿ ಫ್ರಾನ್ಸ್ ಜುಲೈ 2ಕ್ಕೆ ಶುರು, ಟ್ರಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್ ಜೂನ್ 29ಕ್ಕೆ. 2012ರ ಟೂರ್ ಜೂನ್ 30ಕ್ಕೆ, ಇಂಜೆಕ್ಷನ್ ಜೂನ್ 26ಕ್ಕೆ, ಆ ವರ್ಷ ಗೆದ್ದಿದ್ದೂ ಅವರೇ. 2013ರಲ್ಲಿ ಗುರಿ ಇಟಲಿಯ ಜಿರೋ ರೇಸು, ಅದು ಮೇ 4ಕ್ಕೆ, ಇಂಜೆಕ್ಷನ್ ಏಪ್ರಿಲ್ 22ಕ್ಕೆ. ಎಂಥಾ ಶಿಸ್ತಿನ ಹುಲ್ಲು ರೀ ಅದು! ಋತು ನೋಡಲ್ಲ, ಬಿಸಿಲು ನೋಡಲ್ಲ, ರೇಸಿನ ಪಂಚಾಂಗ ಬಿಡಿಸ್ಕೊಂಡು ಮುಹೂರ್ತ ನೋಡಿ ಪರಾಗ ಉದುರಿಸುತ್ತೆ. ಸಣ್ಣ ಪುಟ್ಟ ರೇಸ್ ಇದ್ದಾಗ ಸೀನಿದ್ರೂ ನಡೆಯುತ್ತೆ, ದೊಡ್ಡ ರೇಸ್ ಹತ್ರ ಬಂದಾಗ ಮಾತ್ರ ಸ್ಟೀರಾಯ್ಡ್ ಬೇಕು. 2012ರಲ್ಲಿ ಬಂದ ಆತ್ಮಕಥೇಲಿ ನಾನು ಲಸಿಕೆ, ಡ್ರಿಪ್ ಬಿಟ್ರೆ ಸೂಜಿ ಚುಚ್ಚಿಸ್ಕೊಂಡವನೇ ಅಲ್ಲ ಅಂತ ಬೇರೆ ಇತ್ತು. ರಕ್ತದ ಕೆಂಪು ಕಣ ಹೆಚ್ಚಿಸೋ ಇಪಿಓ ತಗೊಂಡು 2004ರಲ್ಲಿ ಸಿಕ್ಕಿಬಿದ್ದ ಸೈಕಲಿಸ್ಟ್ ಡೇವಿಡ್ ಮಿಲ್ಲರ್, ಈ ಔಷಧಿ ತಗೊಂಡ್ರೆ ತೂಕ ಹೇಗೆ ಇಳಿಯುತ್ತೆ, ಶಕ್ತಿ ಹೇಗೆ ಉಳಿಯುತ್ತೆ ಅಂತ ಸ್ವಂತ ಅನುಭವದಿಂದ ಹೇಳಿದ. 2018ರ ಮಾರ್ಚಲ್ಲಿ ಬ್ರಿಟನ್ ಸಂಸದರ ಸಮಿತಿ, ರೂಲ್ಸ್ ಮುರಿದಿಲ್ಲ, ಆದ್ರೆ ವಿಗಿನ್ಸ್ ಇದ್ದ ಟೀಮ್ ಸ್ಕೈ ನೀತಿಯ ಗೆರೆ ದಾಟಿದೆ ಅಂತ ಬರೀತು. ವಿಗಿನ್ಸೂ ಒಪ್ಪಲಿಲ್ಲ, ಟೀಮೂ ಒಪ್ಪಲಿಲ್ಲ. ಮುಗೀತು.

ಆದ್ರೆ ನನಗೆ ಈ ಇಡೀ ಪುರಾಣದಲ್ಲಿ ಇಂಜೆಕ್ಷನ್‌ಗಿಂತ ಇಷ್ಟ ಆಗೋದು ಆ ಕವರ್ರು. 2011ರ ಜೂನ್, ವಿಗಿನ್ಸ್ ಓಡ್ತಿದ್ದ ಫ್ರಾನ್ಸಿನ ಡೋಫಿನೆ ರೇಸು. ಬ್ರಿಟಿಷ್ ಸೈಕ್ಲಿಂಗ್‌ನ ಹೆಂಗಸರ ಟೀಮಿನ ಕೋಚ್ ಸೈಮನ್ ಕೋಪ್ ಮ್ಯಾಂಚೆಸ್ಟರ್‌ಗೆ ಹೋಗಿ ಒಂದು ಪ್ಯಾಡ್ ಹಾಕಿದ ಕವರ್ ಇಸ್ಕೊಂಡು, ವಿಮಾನ ಹತ್ತಿ ಜಿನೀವಾದಲ್ಲಿ ಇಳಿದು, ಅಲ್ಲಿಂದ ಕಾರಲ್ಲಿ ಬೆಟ್ಟ ಹತ್ತಿ ರೇಸ್ ನಡೀತಿದ್ದ ಲಾ ಟೂಸ್ವಿರ್‌ಗೆ ತಲುಪಿಸಿ ಬಂದ. ಒಳಗೇನಿದೆ ಅಂತ ಕೇಳ್ಲೇ ಇಲ್ವಂತೆ. ಎಂಥಾ ನಿಸ್ವಾರ್ಥ ಸೇವೆ! ಮೊದ್ಲು ಟೀಮಿನ ಯಜಮಾನ ಬ್ರೇಲ್ಸ್‌ಫರ್ಡ್, ಕೋಪ್ ಹೋಗಿದ್ದು ಬ್ರಿಟನ್ನಿನ ಸೈಕಲಿಸ್ಟ್ ಎಮ್ಮಾ ಪೂಲಿನ ಭೇಟಿ ಮಾಡೋಕೆ ಅಂದ್ರು, ಆಯಮ್ಮ ನೋಡಿದ್ರೆ ಆಗ ಸ್ಪೇನಲ್ಲಿ ರೇಸ್ ಓಡಿಸ್ತಿದ್ರು. ಆಮೇಲೆ ಸಂಸದರ ಮುಂದೆ ಕೂತಾಗ ಅದು ಫ್ಲುಮುಸಿಲ್ ಅಂದ್ರು. ಫ್ಲುಮುಸಿಲ್ ಅಂದ್ರೆ ಕಫ ಕರಗಿಸೋ ಔಷಧಿ, ನಿಷೇಧದ ಪಟ್ಟಿಯಲ್ಲೇ ಇಲ್ಲ, ಫ್ರಾನ್ಸಿನ ಔಷಧಿ ಅಂಗಡೀಲಿ ಆಗ ಎಂಟು ಯೂರೋ ಆಸುಪಾಸಿಗೆ ಸಿಗ್ತಿತ್ತು. ಫ್ರಾನ್ಸಲ್ಲಿ ಸಿಗೋ ಕಫದ ಔಷಧಿನ ಇಂಗ್ಲೆಂಡಿಂದ ಫ್ರಾನ್ಸಿಗೆ ಒಬ್ಬ ಕೋಚ್ ಕೈಲಿ ವಿಮಾನದಲ್ಲಿ ಕಳಿಸೋದು, ಅದೂ ದಿಂಬಿನಿಂದ ಹಿಡಿದು ಎಲ್ಲಾದರಲ್ಲೂ ಸಣ್ಣ ಸಣ್ಣ ಲಾಭ ಲೆಕ್ಕ ಹಾಕ್ತೀವಿ ಅಂತ ಜಗತ್ತಿಗೆ ಪಾಠ ಹೇಳಿದ ಟೀಮು.

ಸರಿ, ದಾಖಲೆ ತೋರ್ಸಿ ಅಂದ್ರೆ ದಾಖಲೆ ಟೀಮಿನ ಡಾಕ್ಟರ್ ಲ್ಯಾಪ್‌ಟಾಪಲ್ಲಿತ್ತು, ಲ್ಯಾಪ್‌ಟಾಪು 2014ರಲ್ಲಿ ಗ್ರೀಸಲ್ಲಿ ಕಳ್ಳತನ ಆಯ್ತು, ಬ್ಯಾಕಪ್ ಮಾಡಿರ್ಲಿಲ್ಲ. ಕವರಲ್ಲಿ ಏನಿತ್ತು ಅಂತ ಸಾಬೀತು ಮಾಡಕ್ಕಾಗ್ದೆ 2017ರ ನವೆಂಬರ್‌ನಲ್ಲಿ ಬ್ರಿಟನ್ನಿನ ಡೋಪಿಂಗ್ ತಡೆ ಸಂಸ್ಥೆಯವ್ರು ತನಿಖೆಗೆ ಎಳ್ಳುನೀರು ಬಿಟ್ರು. ಇದೇ ಡಾಕ್ಟರ್ ರಿಚರ್ಡ್ ಫ್ರೀಮನ್ ಹೆಸರಲ್ಲಿ 2011ರಲ್ಲೇ ಮ್ಯಾಂಚೆಸ್ಟರ್‌ನ ಸೈಕ್ಲಿಂಗ್ ಸೆಂಟರ್‌ಗೆ 30 ಸ್ಯಾಷೆ ಟೆಸ್ಟೋಸ್ಟಿರೋನ್ ಜೆಲ್ ಬಂದಿತ್ತು. ಮೊದ್ಲು ತಪ್ಪಿ ಬಂದಿದ್ದು ಅಂದ್ರು, ಆಮೇಲೆ ಕೋಚ್ ಒಬ್ರಿಗೆ ತರಿಸಿದ್ದು ಅಂದ್ರು, ಆ ಕೋಚು ನನಗಲ್ಲಪ್ಪಾ ಅಂದ್ರು. ಅದು ಕ್ರೀಡಾಪಟುವಿಗೇ ಅಂತ ಗೊತ್ತಿದ್ದೋ ನಂಬಿಯೋ ತರಿಸಿದ್ದು ಅಂತ ವೈದ್ಯರ ವಿಚಾರಣೆ ಮಾಡೋ ಟ್ರಿಬ್ಯುನಲ್ ಹೇಳಿ, 2021ರಲ್ಲಿ ಅವರನ್ನ ಡಾಕ್ಟರ್ ರಿಜಿಸ್ಟರಿಂದ ತೆಗೆದು ಹಾಕಿದ್ರು. ಯಾವ ಕ್ರೀಡಾಪಟು? ಗೊತ್ತಿಲ್ಲ. ಲ್ಯಾಪ್‌ಟಾಪ್ ಕದ್ದ ಗ್ರೀಸಿನ ಕಳ್ಳ ಮಹಾಶಯ ಒಂದ್ಸಲ ಮಾತಾಡಿದ್ರೆ ಚೆನ್ನಾಗಿತ್ತು.

ನಿಜ ಹೇಳ್ಬೇಕಂದ್ರೆ ಹಿಂದಿನ ಸೈಕಲಿಸ್ಟುಗಳಲ್ಲಿ ಒಂದು ಕಲ್ಪನಾಶಕ್ತಿ ಇತ್ತು. ವಾಂಡೆನ್‌ಬ್ರೂಕ್ ಮನೇಲಿ ಔಷಧಿ ಸಿಕ್ಕಾಗ ನಾಯಿಗೆ ಅಂದ. 2002ರ ಟೂರ್‌ನಲ್ಲಿ ಮೂರನೇ ಸ್ಥಾನ ಬಂದ ರುಮ್ಶಾಸ್ ಹೆಂಡತಿ ಕಾರಲ್ಲಿ ರಾಶಿ ಔಷಧಿ ಸಿಕ್ತು, ಅದೆಲ್ಲಾ ಅತ್ತೆಮ್ಮನಿಗಂತೆ. ಸಿಮೋನಿ ದೇಹದಲ್ಲಿ ಕೊಕೇನ್ ಸಿಕ್ಕಿದ್ದಕ್ಕೆ ಚಿಕ್ಕಮ್ಮ ಪೆರುವಿಂದ ತಂದ ಮಿಠಾಯಿ ಕಾರಣ, ಅವನನ್ನ ಬಿಟ್ಟೂಬಿಟ್ರು. ಟೈಲರ್ ಹ್ಯಾಮಿಲ್ಟನ್ ರಕ್ತದಲ್ಲಿ ಬೇರೆಯವ್ರ ರಕ್ತ ಕಂಡಾಗ, ತಾಯಿ ಹೊಟ್ಟೇಲೇ ಕರಗಿಹೋದ ಅವಳಿದ್ದಿರಬಹುದು ಅನ್ನೋ ವಾದ ಬಂತು, ಇದಕ್ಕಿಂತ ಕಥೆ ಬೇಕಾ? 1978ರಲ್ಲಿ ಪೊಲೆಂಟಿಯೆ ಅಂತೂ ಬಟ್ಟೆ ಒಳಗೆ ರಬ್ಬರ್ ಬುರುಡೆ, ಪೈಪು ಎಲ್ಲಾ ಕಟ್ಕೊಂಡು ಬೇರೆಯವ್ರ ಮೂತ್ರ ಕೊಡೋಕೆ ಹೋಗಿ ಸಿಕ್ಕಿಬಿದ್ದ, ಎಷ್ಟು ಶ್ರಮ, ಎಂಥಾ ಕುಸುರಿ ಕೆಲಸ. ಈಗಿನವ್ರಿಗೆ ಸಾಹಿತ್ಯದ ಗಂಧಾನೇ ಇಲ್ಲ, ಫಾರಂ ತುಂಬ್ತಾರೆ.

ರೂಲ್ಸ್ ಮಾಡೋರೂ ಸುಮ್ನಿಲ್ಲ ಬಿಡಿ. ಇವ್ರು ಚಾಪೆ ಹಾಸಿದ್ರೆ ಅವ್ರು ಅದರ ಕೆಳಗೆ ತೂರ್ತಾರೆ, ಇವ್ರು ರಂಗೋಲಿ ಬಿಟ್ರೆ ಅವ್ರು ಅದರ ಕೆಳಗೂ ತೂರ್ತಾರೆ. 2025ರ ಫೆಬ್ರವರೀಲಿ ಸೈಕ್ಲಿಂಗಿನ ಜಾಗತಿಕ ಸಂಸ್ಥೆ ಯುಸಿಐ, ರಕ್ತಕ್ಕೆ ಬಲ ಬರಲಿ ಅಂತ ಪದೇ ಪದೇ ಕಾರ್ಬನ್ ಮಾನಾಕ್ಸೈಡ್ ಉಸಿರಾಡಬೇಡಿ ಅಂತ ರೂಲ್ ತಂತು. ವಿಷದ ಗಾಳಿ ಕುಡೀಬೇಡ್ರಪ್ಪಾ ಅಂತ ದೊಡ್ಡ ದೊಡ್ಡ ಗಂಡಸರಿಗೆ ಲಿಖಿತವಾಗಿ ಹೇಳ್ಬೇಕಾಯ್ತು, ಅದರಲ್ಲೂ ಆಸ್ಪತ್ರೆಯಂಥ ಜಾಗದಲ್ಲಿ, ಡಾಕ್ಟರ್ ಮುಂದೆ, ರಕ್ತದ ಅಳತೆಗೆ ಒಂದ್ಸಲ ಆದ್ರೆ ಓಕೆ. ಟೀಮ್ ಸ್ಕೈನ ಇನ್ನೊಬ್ಬ ಸೈಕಲಿಸ್ಟ್ ಕ್ರಿಸ್ ಫ್ರೂಮ್ ಕಥೆನೂ ಗೊತ್ತಲ್ಲ, 2017ರಲ್ಲಿ ಸ್ಪೇನಿನ ವುಯೆಲ್ಟಾ ರೇಸಲ್ಲಿ ಇನ್ಹೇಲರ್ ಔಷಧಿ ಸಾಲ್ಬುಟಮಾಲ್ ಮಿತಿ ಮಿಲಿಲೀಟರ್ ಮೂತ್ರಕ್ಕೆ 1000 ನ್ಯಾನೋಗ್ರಾಂ, ಸಿಕ್ಕಿದ್ದು 2000. ಬೆವರಿ ಮೂತ್ರ ಗಟ್ಟಿಯಾಗಿತ್ತು ಅಂತ ಲೆಕ್ಕ ತಿದ್ದಿ 1429ಕ್ಕೆ ಇಳಿಸಿದ್ರು, ಅದೂ ಅಳತೆಯ ತಪ್ಪಿಗೆ ಜಾಗ ಬಿಟ್ಟು ಹಾಕಿದ್ದ 1200ರ ಗೆರೆ ದಾಟಿತ್ತು. ತಿಂಗಳುಗಟ್ಟಲೆ ಎಳೆದು, ಮಧ್ಯದಲ್ಲಿ ಅವರು ಜಿರೋನೂ ಗೆದ್ದು, 2018ರ ಜುಲೈ 2ಕ್ಕೆ ಕೇಸ್ ಕ್ಲೋಸ್. ಟೂರ್ ಶುರು ಜುಲೈ 7ಕ್ಕೆ. ಇಲ್ಲೂ ಪಂಚಾಂಗ ಚೆನ್ನಾಗೇ ಕೂಡಿ ಬಂತು. ಉಬ್ಬಸ ಇರೋರನ್ನ ನಾನು ಆಡಿಕೊಳ್ತಿಲ್ಲ. ನಿಜವಾಗ್ಲೂ ಉಸಿರು ಕಟ್ಟೋ ಹುಡುಗ ಇನ್ಹೇಲರ್ ತೆಗೆದ್ರೂ ಜನ ಈಗ ಮುಸಿಮುಸಿ ನಗ್ತಾರೆ, ಆ ನಗೆ ತಂದಿಟ್ಟವ್ರ ಮೇಲೆ ನನ್ನ ಸಿಟ್ಟು.

2001ರ ಟೂರ್‌ನಲ್ಲಿ ಅಮೆರಿಕದ ಸೈಕಲಿಸ್ಟ್ ಜೊನಾಥನ್ ವಾಟರ್ಸ್‌ಗೆ ಕಣ್ಣಿನ ಹತ್ರ ಕಣಜ ಕಚ್ತು. ಕಣ್ಣು ಊದಿ ಮುಚ್ಚೇ ಹೋಯ್ತು. ಕಾರ್ಟಿಸೋನ್ ಕೊಟ್ರೆ ಕಣ್ಣು ತೆರೆಯುತ್ತೆ, ಆದ್ರೆ ಟೆಸ್ಟಲ್ಲಿ ಸಿಗುತ್ತೆ. ಚೀಟಿ ಇಲ್ಲ. ಮನೆಗೆ ಹೋದ. ಎದುರಿಗೆ ಫುಟ್ಬಾಲಿನ ಹಾಗೆ ಊದಿದ ಮುಖ ಇದ್ರೂ ಅದು ಕಾಯಿಲೆ ಅಲ್ಲ, ಯಾಕಂದ್ರೆ ಕಾಗದದಲ್ಲಿಲ್ಲ. ಎರಡು ವರ್ಷ ಹಿಂದೆ, 1999ರಲ್ಲಿ, ಅವನ ಟೀಮ್‌ಮೇಟ್ ಆಗಿದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ ಅದೇ ಜಾತಿಯ ಸ್ಟೀರಾಯ್ಡ್ ಟೆಸ್ಟಲ್ಲಿ ಸಿಕ್ಕಾಗ, ಸೀಟಿನ ಗಾಯಕ್ಕೆ ಹಚ್ಚಿದ ಕ್ರೀಮು ಅಂತ ಹಳೇ ತಾರೀಕು ಹಾಕಿ ಚೀಟಿ ಸೃಷ್ಟಿಸಿದ್ರು. ನಾನು ಊಹೆ ಮಾಡಿದ್ದಲ್ಲ, 2013ರಲ್ಲಿ ಟೀವಿ ಮುಂದೆ ಅವನೇ ಒಪ್ಕೊಂಡ. ಯುಸಿಐ ಆ ಚೀಟಿನ ಕಣ್ಣಿಗೊತ್ತಿಕೊಂಡಿತ್ತು.

ಅದೇ 1999ರ ಟೂರ್‌ನಲ್ಲಿ ಕ್ರಿಸ್ಟೋಫ್ ಬಾಸೋನ್ ಅಂತ ಒಬ್ಬ ಇದ್ದ. ಹಿಂದಿನ ವರ್ಷ ಫೆಸ್ಟಿನಾ ಟೀಮ್ ಪೂರ್ತಿ ಇಪಿಓ ಹಗರಣದಲ್ಲಿ ಮುಳುಗಿದಾಗ, ಇವನು ಮಾತ್ರ ತಗೊಳ್ತಿರ್ಲಿಲ್ಲ ಅಂತ ಜೊತೆಗಾರರೇ ಪೊಲೀಸರಿಗೆ ಹೇಳಿದ್ರು. ಈ ಸ್ಪೀಡು ಅನುಮಾನ ತರುತ್ತೆ ಅಂತ ಪೇಪರಲ್ಲಿ ಬರೆದ, ಅಷ್ಟೇ ಅವನ ತಪ್ಪು. ಒಟ್ಟಾರೆ ಮುಂದಿರೋನ ಹಳದಿ ಜೆರ್ಸಿ ಹಾಕಿದ ಆರ್ಮ್‌ಸ್ಟ್ರಾಂಗ್ ರೇಸಿನ ಮಧ್ಯೆ ಪಕ್ಕಕ್ಕೇ ಬಂದು ಇಲ್ಲಿಂದ ಹೊರಡು ಅಂದ. ಯಾರೂ ಮಾತಾಡಿಸಲಿಲ್ಲ, ಸ್ವಂತ ಟೀಮೂ ಕೈ ಬಿಡ್ತು, ಅವನು ಟೂರ್ ಬಿಟ್ಟು ಹೋದ, 2001ರಲ್ಲಿ ವೃತ್ತಿನೇ ಬಿಟ್ಟ. ತಮಾಷೆ ಮಾಡ್ಬೇಕು ಅಂತ ಕೂತವನು ನಾನು, ಇಲ್ಲಿಗೆ ಬಂದಾಗ ಪ್ರತಿ ಸಲ ಆಗಲ್ಲ. ಸುಳ್ಳು ಚೀಟಿ ಇದ್ದವನು ಏಳು ಸಲ ಗೆದ್ದ, ಸುಮ್ನೆ ಸೈಕಲ್ ತುಳಿದವನು ಮನೆಗೆ ಹೋದ, ಆ ಏಳನ್ನ 2012ರಲ್ಲಿ ಕಿತ್ಕೊಂಡ್ರೆ ಇವನಿಗೆ ಏನು ವಾಪಸ್ ಬರುತ್ತೆ?

ಬಂತು, ಒಂದು ಬಂತು. ಅದೇ 2012ರಲ್ಲಿ ಬಾಸೋನ್ ಒಂದು ಮೌಂಟನ್ ಬೈಕ್ ರೇಸನ್ನ ಅರ್ಧಕ್ಕೇ ಬಿಟ್ಟು ಮನೆಗೆ ಹೊರಟಿದ್ದ, ಟೆಸ್ಟಿಗೆ ಸಿಗ್ಲಿಲ್ಲ. ಡೋಪಿಂಗ್ ನಿಯಮದ ಪ್ರಕಾರ ಒಂದು ವರ್ಷ ಸಸ್ಪೆಂಡ್ ಮಾಡಿದ್ರು. ಅಪೀಲಲ್ಲಿ ಒಂದು ತಿಂಗಳಿಗೆ ಇಳಿಸಿದ್ರಂತೆ, ಅಷ್ಟಾದ್ರೂ ದೊಡ್ಡ ಮನಸ್ಸು ಮಾಡಿದ್ರಲ್ಲ.