ಬೇಕರಿ ಮುಂದೆ ನಿಂತ ರೋಡ್‌ಕಿಂಗ್

ಅಪ್ಪನಿಂದ ಬಂದ ನನ್ನ ಹಳೇ ಬೈಕು ಯೆಜ್ಡಿ ರೋಡ್‌ಕಿಂಗ್‌ನಲ್ಲಿ ಮುಂದಿನ ಬ್ರೇಕ್ ಅಂತ ಒಂದಿತ್ತು. ಲಿವರ್ ಇತ್ತು, ಕೇಬಲ್ ಇತ್ತು, ಡ್ರಮ್ಮಿನೊಳಗೆ ಎರಡು ಲೈನರ್‌ಗಳೂ ಇದ್ದವು. ಹಿಡಿದರೆ ಗಾಡಿ ನಿಲ್ಲುತ್ತಿರಲಿಲ್ಲ, ಅಷ್ಟೇ. ಅರ್ಜಿ ಕೊಟ್ಟ ಹಾಗೆ. ಪರಿಶೀಲಿಸುತ್ತೇವೆ, ಆಮೇಲೆ ಬನ್ನಿ ಅನ್ನುತ್ತಿತ್ತು. ತಪ್ಪು ಗಾಡಿಯದ್ದಲ್ಲ. ಡ್ರಮ್ ಸವೆದು ಹೋಗಿದ್ದರೂ ನಾನು ಬರೀ ಕೇಬಲ್ ಬಿಗಿ ಮಾಡಿಕೊಂಡು ಕಾಲ ತಳ್ಳಿದ್ದೆ.

ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲಬೇಕೆಂದರೆ ಬೇಕರಿ ಹತ್ತಿರವೇ ಬ್ರೇಕ್ ಹಿಡಿಯಬೇಕಿತ್ತು. ಬೇಕರಿ, ಟೈಲರ್ ಅಂಗಡಿ, ಹಿಟ್ಟಿನ ಗಿರಣಿ ದಾಟಿ ಸರಿಯಾಗಿ ತಿರುವಿಗೆ ಬಂದು ನಿಲ್ಲುತ್ತಿತ್ತು. 20 ವರ್ಷದ ಲೆಕ್ಕ, ಒಂದು ದಿನವೂ ತಪ್ಪಿದ್ದಿಲ್ಲ. ಟೂ ಸ್ಟ್ರೋಕ್ ಇಂಜಿನ್ ಬೇರೆ, ಆಕ್ಸಿಲರೇಟರ್ ಬಿಟ್ಟರೂ ಗಾಡಿಯನ್ನು ಅಷ್ಟಾಗಿ ಎಳೆದು ಹಿಡಿಯಲ್ಲ. ಚಾಮುಂಡಿ ಬೆಟ್ಟಕ್ಕೆ ಹೋದರೆ ನನಗೆ ನಿಜವಾದ ಭಕ್ತಿ ಬರುತ್ತಿದ್ದದ್ದು ಇಳಿಯುವಾಗ.

ಆಯುಧಪೂಜೆಯೊಳಗೆ ಡಿಸ್ಕ್ ಬ್ರೇಕ್ ಹಾಕಿಸಿಬಿಡೋಣ ಅಂದುಕೊಂಡೆ.

"ಬರೀ ಬ್ರೇಕ್ ಹಾಕೋಕಾಗಲ್ಲ ಸಾರ್. ಮುಂದಿನ ಚಕ್ರ ಹಿಡ್ಕೊಳ್ಳೋ ಈ ಹಳೇ ಫೋರ್ಕಲ್ಲಿ, ಡಿಸ್ಕ್ ಅದುಮೋ ಕ್ಯಾಲಿಪರ್ ಕೂರಿಸೋಕೆ ಜಾಗಾನೇ ಇಲ್ಲ" ಅಂದರು ಮೆಕ್ಯಾನಿಕ್. ಗುಂಡಿ ಹಾಕಿಸಲು ಹೋದವನು ಅಂಗಿಯನ್ನೇ ಹೊಲಿಸಿಕೊಂಡು ಬಂದ ಹಾಗಾಯಿತು. ಗುಜರಿಯಿಂದ ಈಗಿನ ಕಾಲದ 150 ಸಿಸಿ ಗಾಡಿಯೊಂದರ ಫೋರ್ಕ್, ಚಕ್ರ, ಡಿಸ್ಕು ಎಲ್ಲಾ ಬಂತು. ಅದು ಯೆಜ್ಡಿಯ ಕತ್ತಿಗೆ ಕೂರಲಿಲ್ಲ. ಲೇತ್‌ನವರ ಹತ್ತಿರ ಬುಶ್ ಕಡೆಸಿದ್ದಾಯಿತು. ಹಳೇ ಮೀಟರ್ ಕೇಬಲ್ ಹೊಸ ಚಕ್ರಕ್ಕೆ ಸೇರದೆ ಮುಳ್ಳು ಸೊನ್ನೆಯ ಮೇಲೆ ಮಲಗಿಬಿಟ್ಟಿತು. ಹೊಸ ಫೋರ್ಕ್ ಸ್ವಲ್ಪ ಉದ್ದ. ಹಾಗಾಗಿ ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಪಕ್ಕದ ಮನೆ ಕಾಂಪೌಂಡಿಗೆ ತಲೆ ಕೊಟ್ಟು ಮಲಗುತ್ತಿತ್ತು.

ಕೊನೆಯ ಕೆಲಸ ನಾನೇ ಮಾಡುತ್ತೇನೆ ಅಂತ ಗಾಡಿ ಮನೆಗೆ ತಂದೆ. ದುಡ್ಡು ಉಳಿಸುವ ಆಸೆ. ಬ್ರೇಕ್ ಪೈಪಿನೊಳಗೆ ಗಾಳಿ ಇದ್ದರೆ ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಆಯಿಲ್ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಅದನ್ನು ತೆಗೆಯೋಕೆ ಇಬ್ಬರು ಬೇಕು. ಒಬ್ಬರು ಲಿವರ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಕೂತು ಕ್ಯಾಲಿಪರಿನಲ್ಲಿರುವ ಗಾಳಿ ಬಿಡೋ ನಿಪ್ಪಲ್ ಸ್ವಲ್ಪ ಸಡಿಲಿಸಿ, ಗುಳ್ಳೆ ಹೊರಗೆ ಬಂದ ಮೇಲೆ ಬಿಗಿ ಮಾಡಬೇಕು. ಅಲ್ಲಿಯ ತನಕ ಲಿವರ್ ಬಿಡಬಾರದು. ಲಿವರ್ ಮಗಳ ಕೈಗೆ ಕೊಟ್ಟೆ.

"ಹಿಡ್ಕೊಂಡಿದ್ದೀಯಾ?"

"ಹೂಂ ಅಪ್ಪಾ."

ಸಡಿಲಿಸಿದೆ. ಪುಸಕ್ ಅಂತ ಗುಳ್ಳೆ ಬಂತು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಲಿವರ್ ಬಿಟ್ಟಳು. ಹೊರಟಿದ್ದ ಗಾಳಿ, ಛತ್ರಿ ಮರೆತ ನೆಂಟರ ಹಾಗೆ ವಾಪಸ್ ಒಳಗೆ ಹೋಯಿತು. ಹೀಗೆ ಸಂಜೆಯವರೆಗೂ. ನಡುವೆ ಟ್ಯಾಂಕಿನ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದ್ದನ್ನು ನಾನು ನೋಡಲೇ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಉಳಿಸಿದ ದುಡ್ಡು ಪೇಂಟರ್ ಪಾಲಾಯಿತು.

ಪೂಜೆ ಆದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೊರಟೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ವಾಪಸ್ ಬರುವಾಗ ಅವಳು ಏನೋ ಕೇಳಿದಳು, ನಾನು ಉತ್ತರ ಕೊಡುತ್ತಿದ್ದೆ. ಬೇಕರಿ ಬಂತು. 20 ವರ್ಷದ ಅಭ್ಯಾಸ, ಕೈ ತಾನಾಗಿ ಲಿವರ್ ಹಿಡಿಯಿತು, ಹಳೇ ಜೋರಿನಲ್ಲೇ.

ಮೂತಿ ತಗ್ಗಿಸಿ ಗಾಡಿ ಅಲ್ಲೇ ನಿಂತಿತು. ಹೆಂಡತಿಯ ಮೂಗು ನನ್ನ ಬೆನ್ನಿಗೆ ಬಂದು ಬಡಿಯಿತು. ಪೂಜೆಯ ಚೆಂಡು ಹೂವಿನ ಹಾರ ಹಾರಿ ಬಿಸ್ಕತ್ ಡಬ್ಬಗಳ ಮುಂದೆ ಬಿತ್ತು.

ಬೇಕರಿಯವರು ಹಾರ ನೋಡಿದರು, ನನ್ನ ನೋಡಿದರು. ಮುಖ ಅರಳಿತು.

"ಬನ್ನಿ ಸಾರ್, ಬನ್ನಿ! ಎಷ್ಟು ವರ್ಷದಿಂದ ನೋಡ್ತಿದ್ದೀನಿ, ದಿನಾ ನಮ್ಮ ಅಂಗಡಿ ಹತ್ರ ಸ್ಲೋ ಮಾಡ್ತೀರಿ, ಹಾಗೇ ಹೊರಟೋಗ್ತೀರಿ. ಇವತ್ತಾದ್ರೂ ನಿಲ್ಲಿಸಿದ್ರಲ್ಲ! ಏನು ಕೊಡ್ಲಿ?"

ಎರಡು ದಿಲ್‌ಪಸಂದ್ ಕಟ್ಟಿಸಿಕೊಂಡೆ.