ನಾಲ್ಕನೆಯ ಬರಹ

ಹೋದ ತಿಂಗಳು ತರಗತಿ ಮುಗಿದ ಮೇಲೆ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು, ತಾನು ಬ್ಲಾಗ್ ತೆರೆದು ನಾಲ್ಕು ತಿಂಗಳಾಯಿತೆಂದೂ, ಮೊದಲ ತಿಂಗಳಲ್ಲೇ ಮೂರು ಬರಹ ಹಾಕಿದವಳಿಗೆ ನಾಲ್ಕನೆಯದು ಏನು ಬರೆಯಬೇಕೆಂದು ತೋಚುತ್ತಿಲ್ಲವೆಂದೂ ಹೇಳಿದಳು. ಮೂರನ್ನೂ ಓದಿದೆ. ಒಂದು ಪರಿಸರ ಮಾಲಿನ್ಯದ ಬಗ್ಗೆ, ಇನ್ನೊಂದು ಸಮಯದ ಮಹತ್ವದ ಬಗ್ಗೆ, ಮತ್ತೊಂದು ಮೊಬೈಲಿನ ಸದುಪಯೋಗದ ಬಗ್ಗೆ. ಕನ್ನಡ ತಪ್ಪಿಲ್ಲದ್ದು, ಆದರೆ ಬರೆದವಳು ದಾವಣಗೆರೆಯವಳೋ ಬೀದರಿನವಳೋ ಎಂದು ತಿಳಿಯಲು ಅದರಲ್ಲಿ ಒಂದು ಗುರುತೂ ಇರಲಿಲ್ಲ. ಮನೆಯಲ್ಲಿ ಏನು ಕೆಲಸವೆಂದು ಕೇಳಿದಾಗ, ತಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆಂದು ಸ್ವಲ್ಪ ತಡೆದು ಹೇಳಿದಳು.

ಆಕೆ ಹಾಗೆ ತಡೆದದ್ದೇ ನನ್ನ ಮನಸ್ಸಿನಲ್ಲಿ ಉಳಿಯಿತು. ನಮ್ಮ ಮಕ್ಕಳು ಪ್ರಬಂಧವೆಂದರೆ ಪರೀಕ್ಷೆಯಲ್ಲಿ ಕೇಳುವ ವಿಷಯವೆಂದೇ ನಂಬಿ ಬೆಳೆದಿರುವುದರಿಂದ, ತಮ್ಮದೇ ಆದ ಒಂದು ಜಾಗ ಸಿಕ್ಕಾಗಲೂ ಅಲ್ಲಿಗೆ ಉತ್ತರ ಪತ್ರಿಕೆಯನ್ನೇ ಒಯ್ಯುತ್ತಾರೆ. ಎರವಲು ತಂದ ವಿಷಯ ಮೂರು ಬರಹಕ್ಕೆ ಮುಗಿದುಹೋಗುತ್ತದೆ, ನಾಲ್ಕನೆಯದರ ಹೊತ್ತಿಗೆ ಬ್ಲಾಗ್ ನಿಲ್ಲುತ್ತದೆ. ಅದಕ್ಕೆ ಸೋಮಾರಿತನ ಕಾರಣವೆಂದು ನಾವು ಅಧ್ಯಾಪಕರು ಬೈಯುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ತನ್ನ ಮನೆಯ ಕೆಲಸ, ತನ್ನ ಊರಿನ ಕೆರೆ, ತನ್ನ ಅಜ್ಜಿಯ ಮಾತು ಬರೆಯಲು ಯೋಗ್ಯವಾದ ವಿಷಯವೆಂದು ಆ ಮಗುವಿಗೆ ನಾವು ಒಮ್ಮೆಯೂ ಹೇಳಿಕೊಟ್ಟಿಲ್ಲ.

ಮಂಡಕ್ಕಿಯನ್ನೇ ನೋಡಿ. ಸಂಜೆಯಾದರೆ ದಾವಣಗೆರೆಯ ಯಾವ ಬೀದಿಯಲ್ಲಾದರೂ ಮೆಣಸಿನಕಾಯಿ ಬಜ್ಜಿಯ ಜೊತೆ ಮಂಡಕ್ಕಿ ತಿನ್ನುವ ನಮಗೆ ಅದು ಹೇಗಾಗುತ್ತದೆಂಬುದು ಸರಿಯಾಗಿ ಗೊತ್ತಿಲ್ಲ. ಭತ್ತವನ್ನು ನೆನೆಸಿ, ಶಾಖ ಕೊಟ್ಟು, ಒಣಗಿಸಿ ಅಕ್ಕಿ ಮಾಡಿ, ಆ ಅಕ್ಕಿಗೆ ಉಪ್ಪು ನೀರು ಹಿಡಿಸಿ, ಚೆನ್ನಾಗಿ ಕಾದ ಮರಳಿಗೆ ಹಾಕಿದಾಗ, ಕಾಳಿನೊಳಗಿನ ತೇವ ಒಮ್ಮೆಲೇ ಆವಿಯಾಗಿ ಅಕ್ಕಿ ಅರಳುತ್ತದೆ. ಇಷ್ಟನ್ನು ನಾನೂ ಬರೆಯಬಲ್ಲೆ. ಆದರೆ ಮರಳು ಹದವಾಗಿ ಕಾದಿದೆಯೆಂದು ಅವಳ ತಂದೆಗೆ ಹೇಗೆ ತಿಳಿಯುತ್ತದೆ, ಮಳೆಗಾಲದಲ್ಲಿ ಒಣಗಿಸಲು ಜಾಗವಿಲ್ಲದಾಗ ಕೂಲಿಯ ಗತಿಯೇನು, ದಿನವಿಡೀ ಬೆಂಕಿಯ ಮುಂದೆ ಕುಳಿತವರ ಕಣ್ಣು ಮತ್ತು ಗಂಟಲು ರಾತ್ರಿ ಹೇಗಿರುತ್ತವೆ ಎಂಬುದನ್ನು ಅವಳು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ. ಪರಿಸರ ಮಾಲಿನ್ಯದ ಬಗ್ಗೆ ಅವಳು ಬರೆಯಬೇಕಾದದ್ದೂ ಆ ಹೊಗೆಯಲ್ಲೇ ಇತ್ತು.

ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಇಂಥದ್ದಕ್ಕೆ ಬರವಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಶಾಸನ ಸಂಶೋಧಕ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರೆಂಬುದು ಪುಸ್ತಕದಲ್ಲಿದೆ; ಅದನ್ನು ನಕಲು ಮಾಡಿದ ಹುಡುಗ ಹೊಸದೇನನ್ನೂ ಸೇರಿಸಿದಂತಾಗುವುದಿಲ್ಲ. ಆದರೆ ಊರಿನವರು ಅಕ್ಷರಗುಂಡು ಎಂದು ಕರೆಯುವ ಬ್ರಹ್ಮಗಿರಿಯ ಆ ಶಾಸನದ ಬಂಡೆಯ ಬಗ್ಗೆ ತನ್ನ ಮನೆಯ ಹಿರಿಯರು ಏನು ಹೇಳುತ್ತಿದ್ದರೆಂದು ಕೇಳಿ ಬರೆದರೆ, ಅದು ಯಾವ ಗ್ರಂಥಾಲಯದಲ್ಲೂ ಸಿಗದ ಮಾತಾಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ಮೇಲೆ. ಆ ದಿನ ಅಣೆಕಟ್ಟು ಇರುವ ಮಾರಿಕಣಿವೆಗೆ ನೀರು ನೋಡಲು ಹೋದವರ ಪೈಕಿ ನನ್ನ ವಿದ್ಯಾರ್ಥಿಗಳೂ ಇದ್ದರು. ಎಲ್ಲರೂ ಫೋಟೋ ತೆಗೆದರು. ತಾನು ಕಂಡದ್ದನ್ನು ಹತ್ತು ಸಾಲು ಬರೆದಿಟ್ಟವರು ಒಬ್ಬರೂ ಇರಲಿಲ್ಲವೆಂಬುದು ನನಗೆ ಈಗಲೂ ನೋವಿನ ಸಂಗತಿ.

ಫೇಸ್‌ಬುಕ್ಕಿನಲ್ಲಿ ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ, ನಾನೂ ಇದನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಇಂದಿನ ಮಾತಿಗೆ ಇದು ಸಾಕು. ಆದರೆ ಎರಡು ವರ್ಷದ ಹಿಂದಿನ ಬರಹವನ್ನು ಇಲ್ಲಿ ಹುಡುಕಿ ತೆಗೆಯುವುದು ಕಷ್ಟ. ಇಂಥದ್ದೇ ಜಾಲತಾಣಗಳಾಗಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಅವುಗಳಲ್ಲಿ ಕನ್ನಡದಲ್ಲಿ ನಡೆದ ಒಳ್ಳೆಯ ಚರ್ಚೆಗಳು ಅವುಗಳ ಜೊತೆಯಲ್ಲೇ ಹೋದವು. ಬ್ಲಾಗರ್ ಅಥವಾ ವರ್ಡ್‌ಪ್ರೆಸ್‌ನಲ್ಲಿ ಹಣ ಕೊಡದೆ ತೆರೆದ ಬ್ಲಾಗಿಗೂ ಅಂಥ ಅಪಾಯವಿಲ್ಲವೆಂದಲ್ಲ. ಆದರೆ ಅಲ್ಲಿ ಪ್ರತಿ ಬರಹಕ್ಕೂ ತನ್ನದೇ ವಿಳಾಸವಿರುತ್ತದೆ, ಎಲ್ಲವನ್ನೂ ಒಂದೇ ಕಡತವಾಗಿ ಇಳಿಸಿಕೊಂಡು ಬೇರೆ ಕಡೆಗೆ ಒಯ್ಯಬಹುದು. ಸೆಮಿಸ್ಟರಿಗೊಮ್ಮೆ ಹಾಗೆ ಇಳಿಸಿಟ್ಟುಕೊಳ್ಳಿರೆಂದು ನಾನು ಒತ್ತಾಯಿಸಿ ಹೇಳುತ್ತೇನೆ, ಏಕೆಂದರೆ ಕಳೆದುಕೊಂಡವರ ಸಾಲಿನಲ್ಲಿ ನಾನೂ ಇದ್ದೇನೆ. ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಓದುವ ಯೂನಿಕೋಡ್ ಎಂಬ ಅಕ್ಷರ ಸಂಕೇತದ ಬಳಕೆ ಇನ್ನೂ ರೂಢಿಯಾಗಿರದ ದಿನಗಳಲ್ಲಿ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ನನ್ನ ಲೇಖನಗಳು, ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದವು; ಕೆಲವನ್ನು ಪರಿವರ್ತಿಸಿಕೊಂಡೆ, ಬಹಳಷ್ಟನ್ನು ಉಳಿಸಿಕೊಳ್ಳಲಾಗಲಿಲ್ಲ. ಇಂದಿನ ಮಕ್ಕಳು ಮೊಬೈಲಿನಲ್ಲೇ ಯೂನಿಕೋಡ್ ಕನ್ನಡ ಬರೆಯುವುದರಿಂದ ಅವರಿಗೆ ಆ ತೊಂದರೆ ಇಲ್ಲ. ಅವರದು ಬೇರೆ ತೊಂದರೆ. ಕಾಲೇಜು ಕೊಟ್ಟ ಇಮೇಲ್‌ನಿಂದ ಬ್ಲಾಗ್ ತೆರೆಯುತ್ತಾರೆ, ಪದವಿ ಮುಗಿದು ಆ ಇಮೇಲ್ ರದ್ದಾದರೆ ಬ್ಲಾಗಿನ ಬಾಗಿಲೂ ಮುಚ್ಚುತ್ತದೆ. ಸ್ವಂತ ಇಮೇಲ್ ಬಳಸಿದರೂ ಅದನ್ನು ಮರೆಯುವಂತಿಲ್ಲ. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ.

ಸಂಸ್ಥೆಯೊಂದರಲ್ಲಿ ಬ್ಲಾಗ್ ತೆರೆಯುವುದನ್ನು ಆಂತರಿಕ ಅಂಕಕ್ಕೆ ಕಡ್ಡಾಯ ಮಾಡಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಒಂದೇ ಮಧ್ಯಾಹ್ನ ಇಡೀ ತರಗತಿ ಬ್ಲಾಗ್ ತೆರೆಯಿತು. ಅಂಕ ಬಂದ ಮರುದಿನದಿಂದ ಯಾರೂ ಅತ್ತ ತಿರುಗಿ ನೋಡಲಿಲ್ಲ. ಈಗಂತೂ ವಿಷಯ ಹೇಳಿದರೆ ಅರೆಗಳಿಗೆಯಲ್ಲಿ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಎಲ್ಲರ ಕೈಯಲ್ಲೂ ಇವೆ. ಸಮಯದ ಮಹತ್ವದ ಬಗ್ಗೆ ಅವು ನನ್ನ ವಿದ್ಯಾರ್ಥಿನಿಗಿಂತ ಬೇಗ ಬರೆದು ಮುಗಿಸುತ್ತವೆ, ಆದರೆ ಅವಳ ತಂದೆಯ ಪಕ್ಕದಲ್ಲಿ ಕುಳಿತು ಬಂದಿರುವುದಿಲ್ಲ. ಹೀಗಾಗಿ ಅಂಕದ ಆಸೆಯಿಂದ ಬರೆಸುವುದನ್ನು ನಾವು ಬಿಡಬೇಕೆಂದು ನನ್ನ ಸಹೋದ್ಯೋಗಿಗಳಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಕ್ಕಳು ಬರೆದದ್ದನ್ನು ನಾವು ನಿಜವಾಗಿ ಓದಿ, ಒಂದು ಪ್ರಶ್ನೆ ಕೇಳಿದರೆ, ಮುಂದಿನ ಬರಹ ಆ ಪ್ರಶ್ನೆಯಿಂದಲೇ ಹುಟ್ಟುತ್ತದೆ.

ವಾರಕ್ಕೊಂದು ಬರಹವೆಂಬ ಹಟವೂ ಬೇಡ. ಪರೀಕ್ಷೆ, ಪ್ರಾಯೋಗಿಕ ತರಗತಿ ಮತ್ತು ಊರಿಗೆ ಹೋಗುವ ಬಸ್ಸಿನ ನಡುವೆ ತಿಂಗಳಿಗೊಂದು ಬರಹ ಬಂದರೆ ಮೂರು ವರ್ಷದ ಪದವಿಯಲ್ಲಿ 36 ಬರಹಗಳಾಗುತ್ತವೆ, ಅದು ಒಂದು ಸಣ್ಣ ಪುಸ್ತಕದಷ್ಟಾಯಿತು. ಯಾರಿಂದ ಕೇಳಿದ್ದು, ಎಲ್ಲಿ ಓದಿದ್ದು ಎಂಬುದನ್ನು ಬರೆದಿಡಬೇಕು. ಫೋಟೋದಲ್ಲಿರುವವರ ಒಪ್ಪಿಗೆ ಕೇಳಬೇಕು. ಮನೆಯ ವಿಳಾಸ, ಫೋನ್ ಸಂಖ್ಯೆ ಹಾಕಬಾರದು. ಹೆಣ್ಣುಮಕ್ಕಳಿಗೆ ಇದನ್ನು ಎರಡು ಬಾರಿ ಹೇಳುತ್ತೇನೆ.

ಆ ವಿದ್ಯಾರ್ಥಿನಿಯ ನಾಲ್ಕನೆಯ ಬರಹ ಕಳೆದ ಭಾನುವಾರ ಬಂದಿತು, ಭಟ್ಟಿಯ ಬಗ್ಗೆಯೇ. ಮೊದಲು ತಂದೆಗೆ ಓದಿ ಹೇಳಿರೆಂದು ನಾನು ಸೂಚಿಸಿದ್ದೆ, ಆದರೆ ಸಂಕೋಚಪಟ್ಟು ಆಕೆ ಹಾಗೆಯೇ ಹಾಕಿದ್ದಳು. ಮರುದಿನ ಅಣ್ಣನ ಮೊಬೈಲಿನಲ್ಲಿ ಅದನ್ನು ಕೇಳಿಸಿಕೊಂಡ ತಂದೆ, ಉಪ್ಪು ನೀರು ಹಿಡಿಸುವ ಹಂತವನ್ನು ಮಗಳು ಹಿಂದುಮುಂದು ಮಾಡಿದ್ದಾಳೆಂದು ಹೇಳಿ, ರಾತ್ರಿ ಊಟ ಮುಗಿದ ಮೇಲೆ ಕೂರಿಸಿಕೊಂಡು ಮೊದಲಿನಿಂದ ವಿವರಿಸಿದರಂತೆ. ಅವಳು ಆ ಭಾಗವನ್ನು ತಿದ್ದಿ, ತಿದ್ದಿದ ದಿನಾಂಕವನ್ನೂ, ಅಪ್ಪ ಹೇಳಿದ್ದರಿಂದ ತಿದ್ದಿದೆನೆಂಬ ಮಾತನ್ನೂ ಕೆಳಗೆ ಬರೆದಿದ್ದಾಳೆ. ಐದನೆಯ ಬರಹಕ್ಕಾಗಿ, ಭಟ್ಟಿಯಲ್ಲಿ ಮಂಡಕ್ಕಿಯನ್ನು ಚೀಲಕ್ಕೆ ತುಂಬುವ ಹೆಂಗಸರನ್ನು ಮಾತಾಡಿಸಲು ಈ ಶನಿವಾರ ಹೋಗುವವಳಿದ್ದಾಳೆ.